ಮೇಲಿನಿಂದ ಬೀಳುತ್ತದೆ ಎಂದರೆ ಬಯಲಿಗೆ ಓಡಿದರು

ಹನ್ನೆರಡು ದಿನದ ಕೂಸೊಂದು ಬೇವಿನ ಮರದ ಕೆಳಗೆ, ಇಬ್ಬನಿಯಲ್ಲಿ ಮಲಗಿತ್ತು. ಅದನ್ನು ಅಲ್ಲಿಗೆ ತಂದದ್ದು ಉತ್ತರ ಕೊರಿಯಾ ಎಂದರೆ ನಂಬುತ್ತೀರಾ?

(ನಂಬಬೇಡಿ. ತಂದದ್ದು ನಾನು.)

ಹಿಂದಿನ ದಿನ ಸಂಜೆ ನಮ್ಮ ಸಾಸ್ತೂರಿನ ಕಿರಾಣಿ ಅಂಗಡಿಯ ಕಟ್ಟೆಯಲ್ಲಿ ಎಂದಿನಂತೆ ಪೇಪರ್ ಓದಿ ಹೇಳುತ್ತಿದ್ದೆ. ಮೆಟ್ರಿಕ್ ಮುಗಿಸಿ, ಮುರುಮ ಪಟ್ಟಣದ ಅಡತಿ ಅಂಗಡಿಯಲ್ಲಿ ಜೋಳ ತೂಗುತ್ತಲೇ ಮುದುಕನಾದವನು ನಾನು. ಆದರೂ ಆ ಕಟ್ಟೆಯಲ್ಲಿ ನನಗೆ ‘ಮಾಸ್ತರ್’ ಎಂದೇ ಹೆಸರು. ಅದರ ಗರ್ವ ಸಣ್ಣದಲ್ಲ.

ಸುದ್ದಿ ಉತ್ತರ ಕೊರಿಯಾದ್ದು. ಬಾಗಿಲು ಹಾಕಿಕೊಂಡು ಕೂತ ದೇಶ. ಹಾರಿಸಿದ್ದು ಉಪಗ್ರಹ ಎಂದು ಅದು ಹೇಳುತ್ತದೆ. ಅಲ್ಲ, ಕ್ಷಿಪಣಿಯ ತಾಲೀಮು ಎಂದು ನೆರೆಯವರು ಬೆವರುತ್ತಾರೆ. ಒಮ್ಮೆ ಮೇಲೇರುತ್ತದೆ, ಒಮ್ಮೆ ಸಿಡಿದು ಸಮುದ್ರಕ್ಕೆ ಬೀಳುತ್ತದೆ. ಒಳಗೆ ಏನಿತ್ತು? ಕೇಳಿದರೆ ಹೇಳುವವರಿಲ್ಲ.

“ಮಾಸ್ತರ್, ಮ್ಯಾಲಿಂದ ಅವರಿಗಿ ನಮ್ಮ ಸಾಸ್ತೂರ ಕಾಣ್ತದೇನ್ರೀ?” ಅಂಗಡಿಯ ಶಿವಪ್ಪ ಕೇಳಿದ. “ಬಸ್ ಡ್ರೈವರಗೇ ಕಾಣಂಗಿಲ್ಲ. ಕೈ ಮಾಡಿದ್ರೂ ನಿಂದ್ರಂಗಿಲ್ಲ!”

ಎಲ್ಲರೂ ನಕ್ಕರು. ನನಗೆ ಉರಿಯಿತು.

“ನಗ್ರಿ, ನಗ್ರಿ. ಅದರ ತುಕಡಿ ಬೀಳೋ ರಸ್ತಾ ನಮ್ಮ ತಲಿ ಮ್ಯಾಲೇ ಅದ. ಇವತ್ತಿಲ್ಲ ನಾಳಿ ಬೀಳ್ತದ. ಪೇಪರನ್ಯಾಗ ಬಂದದ.”

ಪೇಪರಿನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ನಗು ನಿಂತಿತು. ಎಷ್ಟು ಹಿತವಾಯಿತು ಗೊತ್ತೇ?

ಪಕ್ಕದ ಮನೆಯ ಕಾಶವ್ವ ಬಾಣಂತಿ ಮೊಮ್ಮಗಳಿಗೆಂದು ಒಣಕೊಬ್ಬರಿ ಕಟ್ಟಿಸಿಕೊಳ್ಳುತ್ತಿದ್ದಳು. ತೊಂಬತ್ತಮೂರರ ಭೂಕಂಪದಲ್ಲಿ ಎರಡು ಮಕ್ಕಳನ್ನು ಕಲ್ಲಿನ ಗೋಡೆಯ ಕೆಳಗೆ ಕಳೆದುಕೊಂಡವಳು. ಕೊಬ್ಬರಿ ಎತ್ತಿಕೊಂಡು ಸರಸರ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಹಾಲಿಗೆಂದು ಹೊರಟರೆ ಅವಳ ಅಂಗಳದ ಬೇವಿನ ಮರದ ಕೆಳಗೆ ಹಗ್ಗದ ಹೊರಸು. ಅದರ ಮೇಲೆ ಮೊಮ್ಮಗಳು ರೇಖಾ, ಮಗ್ಗುಲಲ್ಲಿ ಕೂಸು. ಓಣಿಯುದ್ದಕ್ಕೂ ಇನ್ನೂ ನಾಲ್ಕಾರು ಹೊರಸು.

ನಮ್ಮ ಭಾಗದ ಜನಕ್ಕೆ ಅಪಾಯವೆಂದರೆ ಗೊತ್ತಿರುವುದು ಒಂದೇ ಪಾಠ: ಮನೆ ಬಿಟ್ಟು ಬಯಲಿಗೆ ಓಡು. ಕೊಲ್ಲುವುದು ಸೂರು, ಕಾಯುವುದು ಆಕಾಶ. ಆಕಾಶದಿಂದಲೇ ಬೀಳುತ್ತದೆ ಎಂದಾಗಲೂ ಕಾಲುಗಳು ಬಯಲಿಗೇ ಓಡಿದ್ದವು!

ಕೂಸಿನ ಪಾದ ಮುಟ್ಟಿದೆ. ತಣ್ಣಗಿತ್ತು. ಅದು ಅಳುತ್ತಲೂ ಇರಲಿಲ್ಲ.

“ಕಾಶವ್ವಾ, ಒಳಗ ಕರ್ಕೊಂಡು ನಡಿ. ನಾ ಸುಳ್ಳ ಹೇಳೀನಿ. ಏನೂ ಬೀಳಂಗಿಲ್ಲ.”

“ಭೂಕಂಪಕ್ಕ ಮೊದಲ ನೆಲ ಗುಡುಗಿದಾಗೂ ಶಾಣ್ಯಾ ಮಂದಿ ಹಿಂಗೇ ಅಂದಿದ್ರು. ಏನೂ ಆಗಂಗಿಲ್ಲ, ಒಳಗ ಮಲ್ಕೋರಿ ಅಂತ. ಮಲಗಿಸಿದೆ ಮಾಸ್ತರ್. ಎರಡೂ ಮಕ್ಕಳನ್ನ ಮಲಗಿಸಿದೆ.”

ಅವಳ ಕಾಲು ಹಿಡಿದೆ.

“ಮುತ್ಯಾ, ಸುಳ್ಳ ಯಾವದು? ನಿನ್ನಿ ಹೇಳಿದ್ದೋ, ಇವತ್ತ ಹೇಳಿದ್ದೋ?” ಎಂದು ರೇಖಾ ನನ್ನನ್ನೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಸೆರಗು ಹಿಡಿದೆಳೆದ ಅಜ್ಜಿಯನ್ನು ಕೊಡವಿ, ಕೂಸನ್ನು ಎದೆಗವಚಿಕೊಂಡು ಒಳಗೆ ಓಡಿದಳು.

ಇದನ್ನು ಬರೆಯುವಾಗ ಕೂಸು ಉಮರ್ಗಾದ ದವಾಖಾನೆಯೊಂದರ ಗಾಜಿನ ಪೆಟ್ಟಿಗೆಯಲ್ಲಿದೆ. ನಿಮೋನಿಯಾ. ಇನ್ನೂ ಎರಡು ದಿನ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಕಾಶವ್ವ ಆ ಕಟ್ಟಡದೊಳಗೂ ಕಾಲಿಟ್ಟಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ಕೂತಿದ್ದಾಳೆ.

ನಿನ್ನೆ ಕಟ್ಟೆಗೆ ಹೋಗಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಪೇಪರ್ ಬಿಡಿಸಿ ತೋರಿಸಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಶಿವಪ್ಪ ಹತ್ತಿರ ಸರಿದು ದನಿ ತಗ್ಗಿಸಿದ:

“ಖರೇ ಹೇಳ್ರೀ ಮಾಸ್ತರ್, ಯಾರ ನಿಮ್ಮ ಬಾಯಿ ಮುಚ್ಚಿಸ್ಯಾರ?”

ನಾಳೆ ನಿಜವಾಗಿಯೂ ಏನಾದರೂ ಬೀಳುವಂತಿದ್ದು, ‘ಒಳಗೆ ಓಡಿ’ ಎಂದು ನಾನು ಕೂಗಿದರೆ, ಯಾರು ಓಡುತ್ತಾರೆ?