ಹುಂಜ ಓದಿದ ವಾರ್ತೆ

ಆ ಕಾರ್ಟೂನನ್ನು ನಾನು ಮೊದಲು ನೋಡಿದ್ದು ಆಳಂದದಲ್ಲಿ, ಎದುರು ಮನೆಯ ಪಡಸಾಲೆಯಲ್ಲಿ ಕುಳಿತು. ದೊಡ್ಡಿಯೊಂದರ ಪ್ರಾಣಿಗಳು ಮನುಷ್ಯರ ಟಿ.ವಿ. ಕಾರ್ಯಕ್ರಮಗಳನ್ನೆಲ್ಲ ಅಣಕಿಸುವ ಸರಣಿ ಅದು. ಮಾತು ಹಿಂದಿಯಲ್ಲಿ, ಆಳಂದದ ಮಕ್ಕಳಿಗೆ ಅದೇನೂ ತೊಡಕಲ್ಲ. ಪತ್ತೇದಾರಿ ಕಂತಿನಲ್ಲಿ ಆಮೆ ಸ್ಥಳಕ್ಕೆ ಮುಟ್ಟುವಷ್ಟರಲ್ಲಿ ಕಳ್ಳ ಶಿಕ್ಷೆ ಮುಗಿಸಿಕೊಂಡು ಮನೆಗೆ ಬಂದಿರುತ್ತಾನೆ. ಅಡುಗೆಯ ಕಂತಿನಲ್ಲಿ ಆಡು, ಬೇಯಿಸಬೇಕಾದದ್ದನ್ನೆಲ್ಲ ಹಸಿಯಾಗಿಯೇ ತಿಂದು, ಖಾಲಿ ಪಾತ್ರೆ ತೋರಿಸಿ ಕೈಮುಗಿಯುತ್ತದೆ.

ನಮ್ಮನ್ನು ಹೆಚ್ಚು ನಗಿಸಿದ್ದು ವಾರ್ತೆಯ ಕಂತು. ಕೋಟು ಹಾಕಿದ ಹುಂಜ, ದೊಡ್ಡಿಗೆ ಪ್ರವಾಹ ಬರುತ್ತಿದೆ ಎಂದು ಗಂಭೀರವಾಗಿ ಓದುತ್ತದೆ. ಎಲ್ಲ ಪ್ರಾಣಿಗಳೂ ಛಾವಣಿ ಹತ್ತುತ್ತವೆ. ಹರಿದದ್ದು ಬಕೆಟ್ಟಿನ ನೀರು ಎಂದು ತಿಳಿದಾಗ ಒಂದೊಂದಾಗಿ ಇಳಿಯುತ್ತವೆ. ಮುದಿ ಕತ್ತೆಗೆ ಮಾತ್ರ ಯಾರೂ ಹೇಳುವುದಿಲ್ಲ. ಅದು ಛಾವಣಿಯ ಮೇಲೆ ನಿಂತಿರುವಾಗಲೇ ಕಂತು ಮುಗಿಯುತ್ತದೆ.

ಈಗ ನಾನು ಜೇವರ್ಗಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಅಕ್ಕನ ಮನೆ ಅಫಜಲಪುರ ತಾಲ್ಲೂಕಿನಲ್ಲಿ, ಘತ್ತರಗಿಯ ಹತ್ತಿರ, ಭೀಮಾ ದಂಡೆಯ ಮೇಲೆ. ಮಳೆಗಾಲದಲ್ಲಿ ದಿನವೂ ನದಿಯ ಸ್ಥಿತಿಯನ್ನು ವಿಚಾರಿಸಿ, ನನ್ನ ದನಿಯಲ್ಲೇ ಹೇಳಿ, ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕಳಿಸುತ್ತೇನೆ. 'ಜೇವರ್ಗಿಯಿಂದ ವರದಿ' ಎಂದೇ ಶುರು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆಂದು ಕೇಳಿದರೆ ದಂಡೆಯ ರೈತರು ಮೊದಲು ಮಾಡುವ ಕೆಲಸ, ಹೊಳೆಯಲ್ಲಿಟ್ಟ ಪಂಪಿನ ಮೋಟಾರನ್ನು ಮೇಲಕ್ಕೆ ಎಳೆಯುವುದು. ಅಕ್ಕನ ಗಂಡ, ಅಂದರೆ ಮಾವ, ಇಪ್ಪತ್ತು ವರ್ಷಗಳಿಂದ ಅದನ್ನೇ ಮಾಡಿದವರು. ಕಳೆದ ವರ್ಷ ಅವರಿಗೆ ಎದೆಯ ಆಪರೇಷನ್ ಆಯಿತು. ಭಾರ ಎತ್ತಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಒಂದು ಭಾನುವಾರ ಮಗಳಿಗೆ ಆ ಹಳೆಯ ಕಂತು ಮೊಬೈಲಿನಲ್ಲಿ ಸಿಕ್ಕಿತು. ನಾವಿಬ್ಬರೂ ಅದನ್ನು ಆಡಿ, ಫೋನಿನಲ್ಲಿ ದನಿ ಮುದ್ರಿಸಿಕೊಂಡೆವು. ನಾನು ಹುಂಜದ ಸುದ್ದಿ ಓದಿದೆ: "ಜೇವರ್ಗಿಯಿಂದ ವರದಿ. ಭೀಮೆಗೆ ನೀರು ಬಿಡಲಾಗಿದೆ. ದಂಡೆಯವರು ಎಚ್ಚರದಿಂದಿರಬೇಕು." ಅರ್ಧ ನಿಮಿಷದ ನಂತರ ಮಗಳು ಹುಂಜದಂತೆ ಕೂಗಿ, ಬಕೆಟ್ ಮಗುಚಿದ್ದನ್ನು ಹೇಳಿದಳು. ಅತ್ತೆಗೆ ಕಳಿಸೆಂದಳು. ಗುಂಪಿಗೆ ಕಳಿಸಿದವನು ನಾನೇ. ವರದಿಯನ್ನು ಎರಡು ಕಡೆ ಖಚಿತಪಡಿಸಿಕೊಳ್ಳದೆ ಕಳಿಸದ ನಾನು, ಅಂದು ಕೇಳುವವರು ಯಾರೆಂದು ಯೋಚಿಸಲಿಲ್ಲ.

ಇಪ್ಪತ್ತು ನಿಮಿಷ ಬಿಟ್ಟು ನೋಡಿದಾಗ ಅಕ್ಕನ ಉತ್ತರವಿತ್ತು: "ಆತು, ಹೋದ್ರು."

ಕೂಡಲೇ ಫೋನ್ ಮಾಡಿದೆ.

"ಮಾವ ಎಲ್ಲಿ ಹೋಗ್ಯಾರಕ್ಕಾ?"

"ಹೊಳಿಗೆ. ನೀನೇ ಹೇಳಿದೆಲ್ಲ, ನೀರ್ ಬಿಟ್ಟಾರಂತ. ಆಳು ಬರಲಿ ತಡಿರಿ ಅಂದ್ರ ಕೇಳಲಿಲ್ಲ."

"ಅದು ಆಟ ಅಕ್ಕಾ. ಕೂಸಿನ ಸಂಗಟ ಆಡಿದ್ದು. ಕಡೀಗೆ ಹುಂಜ ಕೂಗಿದ್ದು ಕೇಳಲಿಲ್ಲೇನು?"

"ನೀರ್ ಬಂತಂದ ಮ್ಯಾಲೆ ಕಡೀತನಕ ಯಾರ್ ಕೇಳ್ತಾರಲೇ?"

ಮಾವನ ಫೋನು ಮನೆಯಲ್ಲೇ ಚಾರ್ಜಿಗಿತ್ತು. ಅಕ್ಕ ತನ್ನ ಫೋನನ್ನು ಕಿವಿಗಿಟ್ಟುಕೊಂಡೇ ಹೊಳೆಯತ್ತ ಹೊರಟಳು. ಕಬ್ಬಿನ ಗರಿ ಸರಿಯುವ ಸದ್ದು, ಅವಳ ಏದುಸಿರು ಕೇಳುತ್ತಿತ್ತು. ನಡುವೆ ಕರೆ ಕಡಿಯಿತು. ಮತ್ತೆ ಮಾಡಿದೆ, ಹತ್ತಲಿಲ್ಲ. ಗುಂಪಿಗೆ ಇದು ಸುಳ್ಳೆಂದು ಬರೆದೆ. ನಂತರ ಮಾಡಲು ಏನೂ ಉಳಿಯದೆ, ಅಭ್ಯಾಸಬಲದಿಂದ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದುಕೊಂಡೆ: ಕಳಿಸಿದ್ದು ಹನ್ನೊಂದೂಕಾಲು, ಕರೆ ಕಡಿದದ್ದು ಹನ್ನೆರಡಕ್ಕೆ ಹತ್ತು ಇದ್ದಾಗ. ಮಗಳು ಟಿ.ವಿ.ಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು.

"ಮಾವ ಬೀಳ್ತಾರೇನಪ್ಪಾ?"

ಗೊತ್ತಿಲ್ಲ ಎಂದೆ. ಅಷ್ಟೇ ನಿಜವಾಗಿತ್ತು.

ಹನ್ನೆರಡೂ ಹತ್ತಕ್ಕೆ ಅಕ್ಕನ ಫೋನಿನಿಂದ ಕರೆ ಬಂತು. ಮಾತಾಡಿದ್ದು ಮಾವ.

"ಅರ್ಧ ಎಳದೀನಿ. ಉಸಿರು ಹತ್ತಿತು. ಕುಂತೇನಿ."

"ಎದಿ ನೋಯಾಕತ್ತೈತೇನ್ರಿ ಮಾವ?"

"ಸ್ವಲ್ಪ ಹಿಡದಂಗ ಐತಿ." ಒಮ್ಮೆ ಕೆಮ್ಮಿ ಮುಂದುವರಿಸಿದರು. "ಹೊಳ್ಯಾಗ ಮೊಣಕಾಲುದ್ದ ನೀರಿಲ್ಲ. ಎಲ್ಲಿಂದ ಓದಿದೆಪ್ಪ ಈ ಸುದ್ದಿ?"

ನೆರೆಯ ಹೊಲದವರು ಅವರನ್ನು ಜೀಪಿನಲ್ಲಿ ಅಫಜಲಪುರದ ಡಾಕ್ಟರ ಹತ್ತಿರ ಕರೆದೊಯ್ದರು. ಇಸಿಜಿ ತೆಗೆದರು, ಸಂಜೆಯವರೆಗೆ ಮಲಗಿಸಿಕೊಂಡರು, ಅಪಾಯವಿಲ್ಲವೆಂದು ಮನೆಗೆ ಕಳಿಸಿದರು. ಅಂದು ಸಂಜೆ, 'ಜೇವರ್ಗಿಯಿಂದ ವರದಿ' ಎಂದೇ ಶುರು ಮಾಡಿ, ಬೆಳಗಿನ ಸುದ್ದಿ ಸುಳ್ಳು, ತಪ್ಪು ನನ್ನದು ಎಂದು ನನ್ನ ದನಿಯಲ್ಲೇ ಹೇಳಿ ಕಳಿಸಿದೆ. ಮಾವ ಫೋನ್ ಮಾಡಿ, ನನ್ನ ಮಗಳಿಗೆ ಕೊಡು ಎಂದರು.

"ನಿಮ್ಮ ಹುಂಜಕ್ಕ ಹೇಳವಾ, ಮೋಟಾರ್ ತಿರುಗಿ ಇಳಸಾಕ ಅದೇ ಬರಬೇಕಂತ."

ಅವಳು ನಗಲಿಲ್ಲ. ಫೋನ್ ಇಟ್ಟ ಮೇಲೆ, ಆ ಕತ್ತೆಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದಳು.

ಮೂರು ವಾರಗಳ ನಂತರ ನಿಜವಾಗಿಯೇ ನೀರು ಬಿಟ್ಟರು. ಎರಡು ಕಡೆ ವಿಚಾರಿಸಿ ಸುದ್ದಿ ಕಳಿಸಿದೆ. ಗುಂಪಿನಲ್ಲಿ ಯಾರೂ ಉತ್ತರಿಸಲಿಲ್ಲ. ಮಾವನಿಗೆ ಫೋನ್ ಹಚ್ಚಿದೆ.

"ಕೇಳಿದ್ರೇನ್ರಿ?"

"ಕೇಳಾಕತ್ತೇನಿ, ತಡಿ."

ಅಕ್ಕನ ಫೋನಿನಲ್ಲಿ ನನ್ನದೇ ದನಿ ಓದುತ್ತಿತ್ತು. ಮಾವ ಅದನ್ನು ಕಡೆಯವರೆಗೂ ಕೇಳಿದರು. ಮುಗಿದ ಮೇಲೂ ಅವರು ಒಂದು ಕ್ಷಣ ಕಾದರು, ಹುಂಜ ಕೂಗುತ್ತದೇನೋ ಎಂದು. ಕೂಗಲಿಲ್ಲ.

"ಖರೇ ಐತಿ," ಎಂದು ಒಳಗಿದ್ದ ಅಕ್ಕನಿಗೆ ಹೇಳಿದರು. "ಆಳಿನವರನ್ನ ಕರಿ. ನಾ ದಂಡಿ ಮ್ಯಾಲೆ ನಿಂದರತೇನಿ."