ನಾನು ಹೊಗಳಿದ ಮೌನ

ಸಿನಿಮಾ ನೋಡಿ ಸುಮ್ಮನೆ ಎದ್ದು ಹೋಗುವ ಹಾಗಿಲ್ಲ, ಅದು ನನ್ನ ಷಡ್ಡಕನ ಮನೆಯ ಕಟ್ಟಳೆ. ಬ್ಯಾಂಕಿನ ವರ್ಗಾವಣೆಯಲ್ಲಿ ಛತ್ರಪತಿ ಸಂಭಾಜಿನಗರಕ್ಕೆ ಬಂದವನು ಅಲ್ಲಿನ ನಾಲ್ಕೈದು ಕನ್ನಡ ಮನೆಯವರನ್ನು ಸೇರಿಸಿ ತಿಂಗಳಿಗೊಂದು ಭಾನುವಾರ ಗೋಡೆಯ ಮೇಲೆ ಕನ್ನಡ ಚಿತ್ರ ತೋರಿಸುತ್ತಾನೆ. ಮುಗಿದ ಮೇಲೆ ಒಬ್ಬೊಬ್ಬರೂ ಅಭಿಪ್ರಾಯ ಹೇಳಬೇಕು. ಹೇಳಿದವರಿಗಷ್ಟೇ ಗಿರ್ಮಿಟ್ಟಿನ ತಟ್ಟೆ. ನಾನೂ ನನ್ನ ಹೆಂಡತಿಯೂ ನಾಸಿಕ್‌ನಿಂದ ಹೋದ ಅತಿಥಿಗಳು, ಆದರೂ ವಿನಾಯಿತಿ ಇರಲಿಲ್ಲ.

ಆ ಸಲದ್ದು ಅಪಹರಣದ ಕಥೆ. ಒಬ್ಬಾತ ಒಬ್ಬ ಹೆಂಗಸನ್ನು ಹೊತ್ತೊಯ್ದು ನೆಲಮಾಳಿಗೆಯಲ್ಲಿ ಬೀಗ ಹಾಕಿ ಇಟ್ಟಿರುತ್ತಾನೆ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಹೊರಗೆ ನಿನ್ನನ್ನು ಯಾರೂ ಹುಡುಕುತ್ತಿಲ್ಲ ಎಂದು ದಿನವೂ ಮೆತ್ತಗೆ ಹೇಳಿ ಹೇಳಿ ನಂಬಿಸುತ್ತಾನೆ. ಒಂದು ದಿನ ಬಾಗಿಲು ತೆರೆದೇ ಇರುತ್ತದೆ. ಅವಳು ಐದು ನಿಮಿಷ ಅದನ್ನೇ ನೋಡುತ್ತ ಕೂರುತ್ತಾಳೆ, ಏಳುವುದಿಲ್ಲ.

ಊರ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿರುವ ಎಂಜಿನಿಯರು ಬೀಗದ ವಿಚಾರವನ್ನೇ ಹಿಡಿದುಕೊಂಡ. "ಅಂಥಾ ಬೀಗಾ ನಾ ಚಮಚಾದ್ಲೆ ತಗೀತೇನ್ರಿ" ಎಂದ. ಷಡ್ಡಕನ ತಾಯಿಗೆ ಅಪಹರಿಸಿದವನ ಮೇಲೇ ಕನಿಕರ. "ಎಷ್ಟ ಸಮಾಧಾನದ ಹುಡುಗಾ. ವ್ಯಾಳ್ಯಾಕ್ಕ ಲಗ್ನಾ ಮಾಡಿದ್ರ ಹಿಂಗ ಆಗ್ತಿರಲಿಲ್ಲ." ಬಾಗಿಲು ತೆರೆದಿದ್ದರೂ ಆ ಹೆಂಗಸು ಯಾಕೆ ಏಳಲಿಲ್ಲ ಎಂದು ಎಲ್ಲರೂ ವಾದಕ್ಕಿಳಿದರು. ಹಿನ್ನೆಲೆ ಸಂಗೀತಕ್ಕೆ ಎದೆ ನಡುಗಿತು ಅಂದರು ಇಬ್ಬರು. ಬರೀ ಗದ್ದಲ ಅಂದರು ಇನ್ನಿಬ್ಬರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ತಿರುಗುವುದಕ್ಕೆ ಕಾರಣವಿತ್ತು. ನಾಸಿಕ್‌ನ ಒಂದು ಕಾರ್ಖಾನೆಯಲ್ಲಿ ಲಿಫ್ಟುಗಳಿಗೆ ಹಾಕುವ ಗೇರ್‌ಬಾಕ್ಸ್ ತಯಾರಾಗುತ್ತವೆ. ಜೋಡಿಸಿದ ಪ್ರತಿಯೊಂದನ್ನೂ ಬೆಂಚಿನ ಮೇಲೆ ತಿರುಗಿಸಿ, ಕಿವಿಗೊಟ್ಟು ಕೇಳಿ, ಪಾಸೋ ಫೇಲೋ ಹೇಳುವುದು ನನ್ನ ಕೆಲಸ. ಹಲ್ಲಿಗೆ ಹಲ್ಲು ಸರಿಯಾಗಿ ಕೂಡದಿದ್ದರೆ ಸಣ್ಣಗೆ ಕೀರಲು ಸ್ವರವೊಂದು ಹೊರಡುತ್ತದೆ. ಇಪ್ಪತ್ತಾರು ವರ್ಷ ಆ ಸ್ವರವನ್ನು ಹಿಡಿದೇ ಅನ್ನ ತಿಂದವನು ನಾನು. ಗದ್ದಲದಿಂದ ಕಿವಿ ಕಾಯಲು ಕಾರ್ಖಾನೆಯವರು ಕೊಟ್ಟಿದ್ದ ಮುಚ್ಚಳಗಳನ್ನು ನನ್ನ ಜಂಬಕ್ಕೆ ನಾನೇ ಮೊಳೆಗೆ ತೂಗುಹಾಕಿದ್ದೆ. ಹಾಗಾಗಿ ಗಂಟಲು ಸರಿಮಾಡಿಕೊಂಡು ಪಂಡಿತನಂತೆ ಶುರುಮಾಡಿದೆ.

"ನಂಗ ಖರೇ ಹಿಡಿಸಿದ್ದು ಆ ಬಾಗಲಾ ತಗದಿರೋ ಸೀನ್. ಅಲ್ಲೆ ಮ್ಯೂಸಿಕ್ಕ ಹಾಕಿಲ್ಲ ನೋಡ್ರಿ. ಐದ್ ಮಿನಿಟ್ ಪೂರಾ ಶಾಂತ. ಹಂಗ ಬಿಡಾಕ ಧೈರ್ಯಾ ಬೇಕು."

ಯಾರೂ ತಲೆದೂಗಲಿಲ್ಲ. ಕಾಲೇಜಿಗೆ ಹೋಗುವ ಷಡ್ಡಕನ ಮಗಳು ಮೆಲ್ಲಗೆ, "ದೊಡ್ಡಪ್ಪಾ, ತಿಥೇ ವಯಲಿನ್ ಆಹೇ ನಾ. ಪೂರ್ತಿ ಸೀನ್ ಬಾರಸ್ಯಾರ, ಒಂದೇ ಹೈ ನೋಟ್" ಎಂದಳು. ಆ ದೃಶ್ಯವನ್ನು ಫೋನಿನಲ್ಲಿ ಹಾಕಿ ದನಿಯನ್ನು ಪೂರ್ತಿ ಏರಿಸಿ ನನ್ನ ಕಿವಿಯ ಹತ್ತಿರ ಹಿಡಿದಳು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ಬಿಡಕಿನ್ ಎಂಜಿನಿಯರು ಮುಖ ಕಿವುಚಿದ. ನನಗೆ ಏನೂ ಕೇಳಿಸಲಿಲ್ಲ.

"ಅಣ್ಣಾರ ಕಿವಿ ಸರ್ವಿಸಿಂಗಿಗೆ ಬಂದಾವ" ಎಂದ ಷಡ್ಡಕ, ತಮಾಷೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕೆ. ನನ್ನ ಹೆಂಡತಿ ನಗಲಿಲ್ಲ.

ನಾಸಿಕ್‌ಗೆ ಹಿಂದಿರುಗುವ ಬಸ್ಸು ಯೇವಲಾ ದಾಟಿತು. ಆಗ ಆಕೆ ಕೇಳಿದಳು. "ಫ್ರಿಜ್ಜಿನ ಬಾಗಲಾ ತಗದಿದ್ರ ಅದು ಕೂಗ್ತದ. ನೀವ ಪಕ್ಕದಾಗ ಕೂತಿದ್ರೂ ಏಳೂದಿಲ್ಲ. ಆಳಸಿ ಅಂತ ಬೈತಿದ್ದೆ. ಕೇಳ್ಸೂದ ಇಲ್ಲೇನ್ರಿ?"

"ಫ್ರಿಜ್ಜಿಂದು ಗೊತ್ತಿರಲಿಲ್ಲ. ಉಳಿದದ್ದು ಸ್ವಲ್ಪ ಗೊತ್ತಿತ್ತು" ಎಂದೆ.

ಸ್ವಲ್ಪವಲ್ಲ, ಚೆನ್ನಾಗಿಯೇ ಗೊತ್ತಿತ್ತು. ಒಂದು ವರ್ಷದಿಂದ ನಾನು ಬೆಂಚಿನ ಮುಂದೆ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೆ. ಎದುರಿಗೆ ನಿಂತು ಯಂತ್ರ ನಡೆಸುವವನ ಹುಬ್ಬು ಗಂಟಿಕ್ಕಿದರೆ ಫೇಲು, ಇಲ್ಲದಿದ್ದರೆ ಪಾಸು. ಅವನು ಫೋನು ನೋಡುತ್ತಿದ್ದ ದಿನ ಎಲ್ಲವೂ ಪಾಸು. ಹೆಂಡತಿಗೆ ಅಷ್ಟನ್ನೂ ಹೇಳಿದೆ.

"ಹಂಗಾರ ನೀವು ಪಾಸ್ ಮಾಡಿದ್ದು ಎಲ್ಲೆಲ್ಲಿ ಹೋಗ್ಯಾವ್ರಿ?"

ಆಸ್ಪತ್ರೆಗೆ, ವಸತಿ ಕಟ್ಟಡಗಳಿಗೆ, ಇನ್ನೆಲ್ಲಿಗೋ. ಯಾರೋ ಎರಡು ಮಹಡಿಗಳ ನಡುವೆ ನಿಂತ ಪೆಟ್ಟಿಗೆಯಲ್ಲಿ ಗುಂಡಿ ಒತ್ತುತ್ತಿರುವುದು ಕಣ್ಣಿಗೆ ಕಟ್ಟಿತು. ಹೇಳಿದರೆ ನನಗೆ ಗೊತ್ತಿರುವ ಒಂದೇ ವಿದ್ಯೆ ಹೋಗುತ್ತದೆ, ಹೇಳದಿದ್ದರೆ ಇನ್ನೊಬ್ಬರ ಜೀವಕ್ಕೆ ಕುತ್ತು ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಸಿನಿಮಾದ ಆ ಹೆಂಗಸು ಯಾಕೆ ಏಳಲಿಲ್ಲ ಎಂದು ಗಿರ್ಮಿಟ್ ತಿನ್ನುತ್ತ ಅಷ್ಟು ಜನ ವಾದ ಮಾಡಿದ್ದರಲ್ಲ, ನನಗೆ ಅವರೆಲ್ಲರ ಮೇಲೂ ಸಿಟ್ಟು ಬಂತು.

ಸೋಮವಾರ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ನನಗಿಂತ ಚಿಕ್ಕವರು, ಮರಾಠಿಯವರು, ನನ್ನನ್ನು ಕಾಕಾ ಎಂದೇ ಕರೆಯುತ್ತಾರೆ. ಕಿವಿ ಹೋಗಿದೆ ಎಂದು ಅವರ ಭಾಷೆಯಲ್ಲೇ ಹೇಳಿದೆ. "ಸಾಹೇಬ್, ಮಲಾ ಐಕೂ ಯೇತ್ ನಾಹೀ." ಅವರು ಎದ್ದು ಬಾಗಿಲು ಹಾಕಿದರು. ಚಹಾ ತರಿಸಿದರು. ಮುಂದಿನ ವಾರ ಗಿರಾಕಿಗಳ ತಪಾಸಣೆ ಇದೆ, ನಿಮ್ಮ ನಿವೃತ್ತಿಗೆ ಇನ್ನೆರಡೇ ವರ್ಷ, ಇಪ್ಪತ್ತಾರು ವರ್ಷದ ಹೆಸರನ್ನು ಯಾಕೆ ಹಾಳು ಮಾಡಿಕೊಳ್ಳುತ್ತೀರಿ, ಎಂದಿನಂತೆ ಸಹಿ ಹಾಕುತ್ತಿರಿ, ಈ ಮಾತು ಈ ಕೋಣೆಯಲ್ಲೇ ಇರಲಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಮೆತ್ತಗೆ. ನನಗೆ ಹೆದರಿಕೆಯಾದದ್ದು ಅದಕ್ಕೇ. ಸರಿ ಎಂದು ತಲೆಯಾಡಿಸಿಯೂ ಬಿಟ್ಟೆ.

ಬೆಂಚಿಗೆ ಮರಳಿ ಮೊದಲನೆಯದನ್ನು ತಿರುಗಿಸಿದೆ. ಈ ಸಲ ಎದುರಿನವನ ಮುಖ ನೋಡದೆ ಕಣ್ಣು ಮುಚ್ಚಿಕೊಂಡೆ. ಕಿವಿಗೆ ಬಂದದ್ದು ಮೋಟಾರಿನ ಗುಂಯ್ ಒಂದೇ. ಅದಕ್ಕೆ ಫೇಲಿನ ಕೆಂಪು ಚೀಟಿ ಕಟ್ಟಿದೆ. ಎರಡನೆಯದಕ್ಕೂ ಕಟ್ಟಿದೆ. ಊಟದ ಹೊತ್ತಿಗೆ ಒಂಬತ್ತಕ್ಕೆ ಒಂಬತ್ತೂ ಕೆಂಪು. ಸಾಗಿಸಲು ಬಂದ ಗಾಡಿ ಖಾಲಿ ನಿಂತಿತ್ತು.

ಸಾಹೇಬರು ಓಡಿಬಂದರು. ಅವರ ಹಿಂದೆ ಇಡೀ ಸಾಲಿನವರು ಕೈಕೆಲಸ ಬಿಟ್ಟು ಬಂದರು. "ಕಾಕಾ, ಒಂಬತ್ತೂ ಕೆಟ್ಟಿವೆಯೇ?" ಎಂದು ಕೇಳಿದರು.

"ಗೊತ್ತಿಲ್ಲ ಸಾಹೇಬ್, ಕಾರಣ ಬರೆದಿದ್ದೇನೆ" ಎಂದೆ.

ಅವರು ಒಂದು ಚೀಟಿಯನ್ನು ತಿರುಗಿಸಿ ಓದಿದರು, ಆಮೇಲೆ ಇನ್ನೊಂದನ್ನು. ಒಂಬತ್ತರ ಮೇಲೂ ಮರಾಠಿಯಲ್ಲಿ ಒಂದೇ ಸಾಲಿತ್ತು, ಕೆಳಗೆ ನನ್ನ ಸಹಿ. ಪರೀಕ್ಷಕನಿಗೆ ಕೇಳಿಸುವುದಿಲ್ಲ.