ಸುಣ್ಣದ ಮೇಲಿನ ನಾಲ್ಕನೇ ಸಾಲು

ಆ ದಿನ ನಾನು ಹೆಸರನ್ನು ನಿಜವಾಗಿ ಓದಿದೆನೋ, ಓದಿದೆ ಎಂದು ಹೇಳಿದೆನೋ, ಈಗ ನನಗೆ ಗೊತ್ತಿಲ್ಲ. ಬಿಸಿಲಿತ್ತು, ಅಜ್ಜಿಯ ಬೆರಳು ಕಲ್ಲಿನ ಮೇಲಿತ್ತು, ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ. ಇಷ್ಟು ಸರಿ ಇರಬೇಕು. ಅಜ್ಜಿ ಹಸಿರು ಸೀರೆ ಉಟ್ಟಿದ್ದಳು ಎಂದು ಬಹಳ ಕಾಲ ನಂಬಿದ್ದೆ. ಆ ಸೀರೆ ಕೊಡಿಸಿದ್ದೇ ಎಷ್ಟೋ ವರ್ಷದ ಮೇಲೆ ಎಂದು ಅಮ್ಮ ಹೇಳಿದಳು. ಅಂದಿನಿಂದ ಉಳಿದದ್ದರ ಮೇಲೂ ನಂಬಿಕೆ ಹೋಯಿತು.

ಕಲ್ಲು ಇದ್ದದ್ದು ಗೌರಿಬಿದನೂರಿನ ಹೊರಗೆ, ನೂಲಿನ ಮಿಲ್ಲಿನ ಗೇಟಿನ ಪಕ್ಕ. ಎರಡನೇ ಮಹಾಯುದ್ಧಕ್ಕೆ ಹೋಗಿ ವಾಪಸು ಬರದ ಕೆಲಸಗಾರರಿಗಾಗಿ ಮಿಲ್ಲಿನವರು ನಿಲ್ಲಿಸಿದ್ದು. ಅಜ್ಜಿಯ ಅಪ್ಪ ಅವರಲ್ಲೊಬ್ಬ ಎಂಬುದು ನಮ್ಮ ಮನೆಯ ಮಾತು. ಅವನು ಹೋದಾಗ ಅಜ್ಜಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಹೆಣ ಬರಲಿಲ್ಲ, ಕಾಗದವೂ ಬರಲಿಲ್ಲ. ಅದಕ್ಕೇ ಮಹಾಲಯ ಅಮಾವಾಸ್ಯೆಗೆ ಅವಳು ಅಪ್ಪನಿಗೆ ಎಡೆ ಇಡುತ್ತಿದ್ದದ್ದು ಮನೆಯಲ್ಲಲ್ಲ, ಆ ಕಲ್ಲಿನ ಮುಂದೆ. ಚಿಂತಾಮಣಿಯಿಂದ ಬಸ್ಸು ಬದಲಿಸಿಕೊಂಡು ಹೋಗುತ್ತಿದ್ದಳು. ಟಿಫನ್ ಡಬ್ಬಿಯಲ್ಲಿ ವಡೆ, ಪಾಯಸ. ಸೆರಗಿನ ಗಂಟಿನಲ್ಲಿ ಒಂದು ಕಟ್ಟು ಬೀಡಿ.

ಒಂದು ನಾಮಕರಣದ ಊಟದಲ್ಲಿ ಅವಳ ನಾದಿನಿ ಎಲ್ಲರ ಮುಂದೆ ಅಂದುಬಿಟ್ಟಿದ್ದಳಂತೆ: "ನಿಮ್ಮಪ್ಪ ಯಾವ ಯುದ್ಧಕ್ಕೆ ಹೋದ್ನೇ? ಸೊಲ್ಲಾಪುರದ ಮಿಲ್ಲಿಗೆ ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡ್ದ. ನಿಮ್ಮಮ್ಮ ಸಾಯೋವರ್ಗೂ ಕುಂಕುಮ ಅಳಿಸ್ಲಿಲ್ಲವಲ್ಲ, ಸುಮ್ನೇನಾ?"

"ಕಲ್ಲಲ್ಲಿ ಹೆಸರಿದೆ, ಹೋಗಿ ನೋಡ್ಕೊ. ನಾಲ್ಕನೇ ಸಾಲು," ಎಂದು ಅಜ್ಜಿ ಹೇಳಿದಳಂತೆ. ಅವಳಿಗೆ ಓದು ಬರುತ್ತಿರಲಿಲ್ಲ. ನಾಲ್ಕನೇ ಸಾಲು ಎಂದು ಅವಳ ತಾಯಿ ಹೇಳಿಕೊಟ್ಟಿದ್ದು.

ಆ ವರ್ಷ ಅಮಾವಾಸ್ಯೆಗೆ ನನ್ನನ್ನು ಕರೆದುಕೊಂಡು ಹೋದಳು. ಮಿಲ್ಲು ಆಗಲೇ ಮುಚ್ಚಿತ್ತು. ಕಲ್ಲಿಗೆ ದಪ್ಪ ಸುಣ್ಣ, ಅದರ ಮೇಲೆ ಕರಿ ಬಣ್ಣದಲ್ಲಿ ಹೆಸರುಗಳು. ಸಾಲಿಗೊಂದು ಹೆಸರು, ಆರು ಸಾಲು ಇದ್ದವು ಎಂದು ನನ್ನ ನೆನಪು. ಎಲ್ಲ ಮಾಸಿಹೋಗಿತ್ತು. ಅಜ್ಜಿ ಮೇಲಿನಿಂದ ಎಣಿಸಿ ಬೆರಳಿಟ್ಟಳು.

"ಓದಪ್ಪ. ಇಷ್ಟು ವರ್ಷ ಯಾರ್ನೂ ಕೇಳ್ಲಿಲ್ಲ."

"ಯಾಕಜ್ಜಿ?"

"ಹೊರಗಿನೋರು ಇಲ್ಲ ಅಂದ್ಬಿಟ್ರೆ?"

ನಾನು ಬಗ್ಗಿ ನೋಡಿದೆ. ಅವಳ ಬೆರಳ ಪಕ್ಕ ಯಾವುದೋ ಅಕ್ಷರದ ಬಾಲ ಕಂಡ ಹಾಗಿತ್ತು.

"ಬೆಂಗಳೂರಲ್ಲಿ ಅಷ್ಟೊಂದು ಪುಸ್ತಕ ಓದ್ತೀಯ, ಒಂದು ಸಾಲಿಗೆ ಇಷ್ಟೊತ್ತಾ?"

"ಇದೆ ಅಜ್ಜಿ," ಎಂದೆ.

ಇದು ನನ್ನನ್ನು ಕೊರೆಯುತ್ತಲೇ ಇತ್ತು. ಕೆಲವು ವರ್ಷಗಳ ಹಿಂದೆ ಗೌರಿಬಿದನೂರಿನಲ್ಲಿ, ಮಿಲ್ಲಿನ ಬಣ್ಣದ ವಿಭಾಗದಲ್ಲಿದ್ದ ಮುದುಕರೊಬ್ಬರನ್ನು ಹುಡುಕಿಕೊಂಡು ಹೋದೆ. ಹೆಸರು ಬರೆಯುತ್ತಿದ್ದದ್ದು ಅವರೇ.

"ಆಯುಧಪೂಜೆಗೆ ಗೋಡೆಗೆ ಸುಣ್ಣ ಹೊಡೆಯೋವಾಗ ಕಲ್ಲಿಗೂ ಒಂದು ಕೋಟು ಹೊಡೀತಿದ್ವಿ ಸಾರ್, ಭಕ್ತಿಗೆ. ಕೆತ್ತಿದ್ದೆಲ್ಲ ಮುಚ್ಚೋಯ್ತು. ಹೆಸರು ಒಂದು ಚೀಟೀಲಿ ಇಟ್ಕೊಂಡಿದ್ದೆ, ಪ್ರತಿ ವರ್ಷ ಮೇಲೆ ಬರೀತಿದ್ದೆ. ಆರು ಸಾಲು."

"ನೀವು ಯಾರ ಹೆಸರಾದ್ರೂ ಸೇರಿಸಿದ್ರಾ?"

"ಒಬ್ರು ಹೆಂಗಸು ಬಂದು ಅಳ್ತಾ ನಿಂತಿದ್ರು. ಬ್ರಷ್ಷು ಕೈಲೇ ಇತ್ತು. ಬರೆದೆ."

"ಕೊನೇ ಸಾಲಿಗಾ?"

"ಜಾಗ ಇದ್ದ ಕಡೆ."

"ಯಾರ ಹೆಸರು?"

ಅವರು ನಕ್ಕರು. "ನಿಮಗೆ ಬೇಕಾಗಿರೋದು ಯಾವ್ದು ಹೇಳಿ, ಅದೇ ಅಂತೀನಿ." ಚೀಟಿ ಅವರ ಬಳಿ ಉಳಿದಿರಲಿಲ್ಲ.

ಕಳೆದ ಮಹಾಲಯಕ್ಕೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ಡಬ್ಬಿ ಕಟ್ಟಿಸಿ ನನ್ನೊಬ್ಬನನ್ನೇ ಕಳಿಸಿದಳು. ಮಿಲ್ಲಿನ ಜಾಗದಲ್ಲಿ ಸೈಟುಗಳ ಬಿಳಿ ಗೂಟಗಳಿದ್ದವು. ಕಲ್ಲನ್ನು ಕಿತ್ತು ಕಾಂಪೌಂಡಿಗೆ ಒರಗಿಸಿದ್ದರು. ಬಣ್ಣದ ಒಂದು ಗೆರೆಯೂ ಇರಲಿಲ್ಲ, ಬರೀ ಸುಣ್ಣ. ಎಡೆ ಇಡುವಾಗ ಅವಳ ಫೋನು ಬಂತು.

"ಇದೆಯೇನಪ್ಪ?"

"ಇದೆ."

"ಎಷ್ಟನೇ ಸಾಲು?"

"ನಾಲ್ಕನೇದು."



"ಈ ಸಲ ಬೇಗ ಓದ್ದೆ," ಎಂದಳು ಅಜ್ಜಿ. ಆಮೇಲೆ, "ಬೀಡಿ ಹಚ್ಚಿಡು," ಎಂದು ಫೋನಿಟ್ಟಳು.

ಮತ್ತೆ ಅವಳು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ದೀಪಾವಳಿಗೆ ಮೊದಲು ತೀರಿಕೊಂಡಳು.

ತಿಥಿ ಮುಗಿಸಿ, ತೆಂಗಿನ ನಾರು, ಕರಣೆ, ಒಂದು ಬಕೆಟ್ಟು ನೀರು ತೆಗೆದುಕೊಂಡು ಆ ಕಲ್ಲಿನ ಹತ್ತಿರ ಹೋದೆ. ಯಾರಿಗಾಗಿ ಹೋದೆನೋ ತಿಳಿಯದು, ಹೇಳಬೇಕಾದವಳೇ ಇರಲಿಲ್ಲ. ಸುಣ್ಣ ಬೆರಳು ದಪ್ಪ ಕೂತಿತ್ತು. ಚಕ್ಕೆ ಎದ್ದಾಗ ಪದರಗಳ ನಡುವೆ ಅಲ್ಲಲ್ಲಿ ಕರಿ ಬಣ್ಣ ಕಾಣುತ್ತಿತ್ತು. ಯಾವುದೂ ಹೆಸರಾಗಲಿಲ್ಲ, ಕೈಗೆ ಬಂದದ್ದು ಹಾಗೇ ಪುಡಿಯಾಯಿತು. ತಳದಲ್ಲಿ ಕಲ್ಲು ಸಿಕ್ಕಿತು. ಅದರಲ್ಲಿ ಒಂದು ಹೆಸರನ್ನೂ ಕೆತ್ತಿರಲಿಲ್ಲ. ಈ ಗಿರಣಿಯಿಂದ ಯುದ್ಧಕ್ಕೆ ಹೋದವರು ಇಷ್ಟು ಮಂದಿ, ಮರಳದವರು ಇಷ್ಟು ಮಂದಿ ಎಂದು ಎರಡು ಸಾಲು, ಅಷ್ಟೇ.

ನಾನು ಕಂಡ ಬಣ್ಣದ ಸಾಲುಗಳು ಆರಲ್ಲದೆ ಇರಬಹುದು. ಆ ಮುದುಕರೂ ನನ್ನ ಹಾಗೇ ತಪ್ಪಿರಬಹುದು. ಕೆತ್ತಿದ್ದನ್ನೂ ನಾನು ಸರಿಯಾಗಿ ಓದಿಲ್ಲವೇನೋ ಎಂದು ತಿಂಗಳಾದ ಮೇಲೆ ಮತ್ತೊಮ್ಮೆ ಹೋದೆ. ಬೆಳಗಿನ ಬೆಳಕಿತ್ತು. ಅಂಕಿಯ ಕೊರೆತದೊಳಗೆ ಬೆರಳಿಟ್ಟು ಎಳೆದು ನೋಡಿದೆ. ಮರಳದವರು ಐದು.